ಈಜು ಮಾಸ್ತರರಿಗೆ ಕೇಳಿ: ಮೀಸೆ ಬಂದವನೇ ಗೆಲ್ಲುತ್ತಾನಾ?

ಈ ತಿಂಗಳು ಬಂದ ಪತ್ರಗಳನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದೇನೆ. ಎಲ್ಲರಿಗೂ ಒಂದೇ ಚಿಂತೆ. ಮಗು ಕುಳ್ಳಗಿದೆ, ಮಗು ದಪ್ಪಗಿದೆ, ಮಗುವಿನ ತೋಳು ತೆಳ್ಳಗಿದೆ. ಸ್ಟ್ರೋಕ್ ಬಗ್ಗೆ, ಅಂದರೆ ನೀರಿನಲ್ಲಿ ಕೈ ಹೊಡೆಯುವ ರೀತಿಯ ಬಗ್ಗೆ, ಕೇಳಿದವರು ಒಬ್ಬರೂ ಇಲ್ಲ! ಇರಲಿ. ಮಳೆಗಾಲ. ಕಡಲಿಗೆ ಇಳಿಯುವ ಹಾಗಿಲ್ಲ. ನನಗೂ ಪುರುಸೊತ್ತಿದೆ.

ಮಾಸ್ತರೇ, ನನ್ನ ಮಗನಿಗೆ 13 ತುಂಬಿತು. ಎತ್ತರ 145 ಸೆಂಟಿಮೀಟರ್, ತೂಕ 35 ಕಿಲೋ. ಮೂರು ವರ್ಷದಿಂದ ಈಜು ಕಲಿಯುತ್ತಿದ್ದಾನೆ. 50 ಮೀಟರ್ ಫ್ರೀಸ್ಟೈಲ್‌ಗೆ 38 ಸೆಕೆಂಡ್. ಸ್ಪರ್ಧೆಗೆ ಹೋದರೆ ಪಕ್ಕದ ಲೇನಿನಲ್ಲಿ ಮೀಸೆ ಬಂದ, ನನ್ನಷ್ಟೇ ಎತ್ತರದ ಹುಡುಗರು ನಿಂತಿರುತ್ತಾರೆ. ಇವನು ಯಾವಾಗಲೂ ಐದನೆಯವನೋ ಆರನೆಯವನೋ. ನಾವು ಗಂಡ ಹೆಂಡತಿ ಇಬ್ಬರೂ ಗಿಡ್ಡವೇ. ಈಜು ಬಿಡಿಸಿ ಬೇರೆ ಆಟಕ್ಕೆ ಹಾಕಲಾ?
— ಒಬ್ಬ ತಂದೆ, ಕುಮಟಾ

ಬಿಡಿಸಬೇಡಿ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು. ನಿಮ್ಮ ಮಗನ ಪಕ್ಕದ ಲೇನಿನಲ್ಲಿ ನಿಂತ ಆ ಮೀಸೆ ಹುಡುಗ ಇದ್ದಾನಲ್ಲ, ಒಂದು ಕಾಲದಲ್ಲಿ ಅದು ನಾನೇ.

ನಾನು ಹುಟ್ಟಿದ್ದು 1964ರಲ್ಲಿ, ಕಾರವಾರದ ಕೋಡಿಬಾಗದಲ್ಲಿ. ನಾನು ಸಣ್ಣವನಿದ್ದಾಗ ಇಲ್ಲಿ ಕಾಳಿ ನದಿಗೆ ಸೇತುವೆ ಇರಲಿಲ್ಲ. (ಆಮೇಲೆ ಬಂದ ಆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದೂ ಹೋಯಿತು. ನಾನಿನ್ನೂ ಇದ್ದೇನೆ.) ಹನ್ನೆರಡಕ್ಕೇ ನನ್ನ ದನಿ ಒಡೆಯಿತು. ಹದಿಮೂರಕ್ಕೆ ಮೀಸೆ ಬಂತು, ಎತ್ತರ ಐದಡಿ ಐದಿಂಚಾಯಿತು. ಈಜು ಸ್ಪರ್ಧೆಗೆ ಇಳಿದರೆ ನನಗೂ ಎರಡನೆಯವನಿಗೂ ನಡುವೆ ಒಂದು ದೋಣಿ ನಿಲ್ಲಿಸಬಹುದಿತ್ತು. ನನ್ನ ತಾಯಿ ಪ್ರಮಾಣಪತ್ರವನ್ನು ಮೀನು ಬುಟ್ಟಿಯ ಜೊತೆಗೇ ಒಯ್ದು ಗಿರಾಕಿಗಳಿಗೆ ತೋರಿಸುತ್ತಿದ್ದಳು. ಅದಕ್ಕೆ ಇವತ್ತಿಗೂ ಸಣ್ಣಗೆ ಬಂಗಡೆ ವಾಸನೆ ಇದೆ.

ಹದಿನಾರರ ಹೊತ್ತಿಗೆ ಕಥೆ ತಿರುಗಿತು. ಮೂರು ವರ್ಷ ನನ್ನ ಕಾಲಿನ ನೊರೆ ನೋಡುತ್ತಿದ್ದ ಸಣಕಲು ಹುಡುಗರು ಮೊದಲು ಪಕ್ಕಕ್ಕೆ ಬಂದರು, ಆಮೇಲೆ ಮುಂದೆ ಹೋದರು. ನಾನು ಐದಡಿ ಆರಿಂಚಿಗೆ ನಿಂತುಬಿಟ್ಟಿದ್ದೆ. ಈಗಲೂ ಅಷ್ಟೇ. ಬೇಗ ಶುರುವಾದ ಬೆಳವಣಿಗೆ ಬೇಗ ಮುಗಿದಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಅಂದರೆ ನನಗೆ ಸರಿಯಾಗಿ ಈಜಲು ಬರುತ್ತಲೇ ಇರಲಿಲ್ಲ. ಮೈಯಲ್ಲಿ ಬಲ ಇತ್ತು. ನೀರಿಗೆ ಬಡಿದೆ, ಗೆದ್ದೆ. ಗೆದ್ದವನನ್ನು ಯಾರು ತಿದ್ದುತ್ತಾರೆ ಹೇಳಿ?

ಈಗ ನಿಮ್ಮ ಹುಡುಗನ ವಿಷಯ. ಹುಡುಗಿಯರು ಸುಮಾರು 12ರ ಹೊತ್ತಿಗೆ ಜೋರಾಗಿ ಎತ್ತರ ಆಗುತ್ತಾರೆ, ಹುಡುಗರು ಸುಮಾರು 14ರ ಹೊತ್ತಿಗೆ. ಕೆಲವರಿಗೆ ಒಂದೆರಡು ವರ್ಷ ಮೊದಲು, ಕೆಲವರಿಗೆ ಒಂದೆರಡು ವರ್ಷ ತಡ. ಎರಡೂ ಸಹಜ. ಹಾಗಾಗಿ 13ರ ಗುಂಪಿನಲ್ಲಿ ಒಬ್ಬನಿಗೆ 15ರ ಮೈ ಇರುತ್ತದೆ, ಇನ್ನೊಬ್ಬನಿಗೆ 11ರ ಮೈ. ಇಬ್ಬರ ಜನನ ಪತ್ರದಲ್ಲೂ ಒಂದೇ ವರ್ಷ. ಈ ವಯಸ್ಸಿನಲ್ಲಿ ಸ್ಟಾಪ್‌ವಾಚ್ ಅಳೆಯೋದು ಅರ್ಧ ಈಜನ್ನು, ಇನ್ನರ್ಧ ಯಾರ ಮೈ ಯಾವಾಗ ಅರಳಿತು ಅನ್ನೋದನ್ನು.

ಉದ್ದ ಮೈಗೆ ನೀರಿನಲ್ಲಿ ಲಾಭ ಇದೆ, ಇಲ್ಲ ಅನ್ನಲ್ಲ. ಕಡಲ ಕರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಗಲದ ಗಿಡ್ಡ ದೋಣಿ ತನ್ನ ಮುಂದೆ ತಾನೇ ಅಲೆ ಎಬ್ಬಿಸಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಉದ್ದದ ಸಪೂರ ದೋಣಿ ಅಷ್ಟೇ ಹುಟ್ಟಿಗೆ ಮುಂದೆ ಹೋಗುತ್ತದೆ. ಮೈಯೂ ಹಾಗೇ. ಜೊತೆಗೆ ಉದ್ದ ಕೈ ಗೋಡೆಯನ್ನು ಬೇಗ ಮುಟ್ಟುತ್ತದೆ, ದೊಡ್ಡ ಅಂಗೈ ಜಾಸ್ತಿ ನೀರು ಹಿಡಿಯುತ್ತದೆ. ಮೈಕೇಲ್ ಫೆಲ್ಪ್ಸ್ ಎತ್ತರ 193 ಸೆಂಟಿಮೀಟರ್, ಎರಡೂ ಕೈ ಚಾಚಿದರೆ 201. ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಬಂದದ್ದಕ್ಕೆ ಆ ಕೈಗಳ ಪಾಲೂ ಇದೆ. ನಿಮ್ಮ ಹುಡುಗ ಮುಂದೆಯೂ ಗಿಡ್ಡವೇ ಉಳಿದರೆ 50, 100 ಮೀಟರ್ ಫ್ರೀಸ್ಟೈಲ್ ಅವನಿಗೆ ಕಷ್ಟದ ದಾರಿ. ಸುಳ್ಳು ಸಮಾಧಾನ ಹೇಳಿ ಏನು ಪ್ರಯೋಜನ?

ಆದರೆ ಈಜು ಅಂದರೆ ಅದೊಂದೇ ಅಲ್ವಲ್ಲ. ಜಪಾನಿನ ಕೊಸುಕೆ ಕಿತಾಜಿಮಾ 178 ಸೆಂಟಿಮೀಟರ್ ಮನುಷ್ಯ. ಈಜುಗಾರರ ಸಾಲಿನಲ್ಲಿ ನಿಂತರೆ ಗಿಡ್ಡವೇ. 2004ರ ಅಥೆನ್ಸ್‌ನಲ್ಲೂ 2008ರ ಬೀಜಿಂಗ್‌ನಲ್ಲೂ ಕಪ್ಪೆಯ ಹಾಗೆ ಕಾಲೊದ್ದು ಈಜುವ ಬ್ರೆಸ್ಟ್‌ಸ್ಟ್ರೋಕ್‌ನ 100, 200 ಮೀಟರ್ ಎರಡನ್ನೂ ಗೆದ್ದ. ಅಮೆರಿಕದ ಜಾನೆಟ್ ಇವಾನ್ಸ್ ಪುಟ್ಟ ಹುಡುಗಿ. 1988ರ ಸಿಯೋಲ್‌ನಲ್ಲಿ ತನಗಿಂತ ದೊಡ್ಡ ಮೈಯವರ ನಡುವೆ ಈಜಿ ಮೂರು ಚಿನ್ನ ತಂದಳು. 400 ಮೀಟರ್ ಫ್ರೀಸ್ಟೈಲ್, 800 ಮೀಟರ್ ಫ್ರೀಸ್ಟೈಲ್, ನಾಲ್ಕೂ ಬಗೆಯ ಈಜು ಸೇರಿದ 400 ಮೀಟರ್ ಮೆಡ್ಲೆ. ದೂರ ಹೆಚ್ಚಾದಷ್ಟೂ, ಕಾಲೊದೆತದ ಚಾಕಚಕ್ಯತೆ ಬೇಕಾದಷ್ಟೂ ಎತ್ತರದ ದರ್ಬಾರು ಕಮ್ಮಿ.

ಇನ್ನೊಂದು ಮಾತು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಬರೀ ಬಲದಿಂದ ಶೇಕಡ 10ರಷ್ಟು ವೇಗ ಹೆಚ್ಚಿಸಬೇಕಂದ್ರೆ ಮೂರನೇ ಒಂದು ಪಾಲು ಜಾಸ್ತಿ ದಮ್ಮು ಬೇಕು. ಸೊಂಟ ಎರಡು ಬೆರಳು ಮೇಲೆ ಬಂದರೆ, ತಲೆ ನೆಟ್ಟಗೆ ಕೂತರೆ, ಆ ತಡೆಯೇ ಕಮ್ಮಿಯಾಗುತ್ತದೆ. ದುಡ್ಡು ಹೆಚ್ಚು ದುಡಿಯೋದಕ್ಕಿಂತ ಸೋರೋದನ್ನು ನಿಲ್ಲಿಸೋದು ಸುಲಭ, ನೋಡಿ.

ಮನೆಯಲ್ಲೇ ಮಾಡಬಹುದಾದ ಲೆಕ್ಕ ಒಂದಿದೆ. ತಿಂಗಳಿಗೊಮ್ಮೆ ಮಗನಿಗೆ 25 ಮೀಟರ್ ಈಜಲು ಹೇಳಿ. ಎಷ್ಟು ಸೆಕೆಂಡ್ ಆಯಿತು ಬರೆದುಕೊಳ್ಳಿ. ಎಷ್ಟು ಕೈ ಹೊಡೆದ ಅಂತಲೂ ಎಣಿಸಿ, ಎಡಗೈ ಬಲಗೈ ಸೇರಿಸಿ. ಎರಡನ್ನೂ ಕೂಡಿಸಿ. 20 ಸೆಕೆಂಡ್, 25 ಕೈ ಅಂದರೆ 45. ಮುಂದಿನ ತಿಂಗಳು 43 ಬಂತಾ? ಹುಡುಗ ನೀರು ಹಿಡಿಯೋದನ್ನು ಕಲಿಯುತ್ತಿದ್ದಾನೆ ಅಂತ ಅರ್ಥ, ಸ್ಪರ್ಧೆಯಲ್ಲಿ ಎಷ್ಟನೆಯವನಾದರೂ ಸರಿ. ಈ ಅಂಕಿಯನ್ನು ಅವನ ಹಳೆಯ ಅಂಕಿಯ ಜೊತೆ ಮಾತ್ರ ಹೋಲಿಸಿ. ಮೀಸೆ ಹುಡುಗನ ಅಂಕಿ ನಿಮಗೆ ಬೇಡ. ಅವನ ಕೈ ಉದ್ದ, ಕಮ್ಮಿ ಕೈಯಲ್ಲೇ ಮುಗಿಸುತ್ತಾನೆ.

ಜೊತೆಗೆ ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ. ನಮ್ಮ ಮನೆಯ ಅಡುಗೆಕೋಣೆ ಬಾಗಿಲ ಚೌಕಟ್ಟಿನಲ್ಲಿ ಇಪ್ಪತ್ತು ವರ್ಷದ ಪೆನ್ಸಿಲ್ ಗೆರೆಗಳಿವೆ, ಎಲ್ಲ ನನ್ನ ಹತ್ತಿರ ಕಲಿತ ಮಕ್ಕಳದು. ಮನೆಗೆ ಬಣ್ಣ ಹೊಡೆಸಿದಾಗ ಅದೊಂದು ಚೌಕಟ್ಟು ಬಿಡಿಸಿದೆ. ಹೆಂಡತಿ ಈಗಲೂ ಗೊಣಗುತ್ತಾಳೆ. ಗೆರೆಗಳ ನಡುವಿನ ಅಂತರ ಇದ್ದಕ್ಕಿದ್ದ ಹಾಗೆ ದೊಡ್ಡದಾದರೆ ಹುಡುಗ ಜಿಗಿಯಲು ಶುರು ಮಾಡಿದ್ದಾನೆ ಅಂತ ತಿಳಿಯಿರಿ. ಆಗ ಒಂದು ತಮಾಷೆ ಆಗುತ್ತದೆ. ಎತ್ತರ ಬಂದರೂ ಟೈಮಿಂಗ್ ಕೆಡುತ್ತದೆ! ಎಲುಬು ಮೊದಲು ಉದ್ದ ಆಗುತ್ತದೆ, ಅದನ್ನು ಎಳೆಯುವ ಬಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಹುಡುಗನಿಗೆ ತನ್ನ ಕೈಕಾಲು ಬೇರೆ ಯಾರದ್ದೋ ಅನ್ನಿಸುತ್ತದೆ. ಆಗ ಬೈಯಬೇಡಿ. ಈಗಲೇ ಹೇಳಿಟ್ಟಿದ್ದೇನೆ.

ಮಾಸ್ತರರಿಗೆ ನಮಸ್ಕಾರ. ನಮ್ಮ ಕೂಸಿಗೆ 14 ವರ್ಷ. 11-12ರಲ್ಲಿ ಗಂಡುಮಕ್ಕಳನ್ನೂ ಹಿಂದೆ ಹಾಕುತ್ತಿದ್ದಳು. ಒಂದು ವರ್ಷದಿಂದ ಟೈಮಿಂಗ್ ಅಲ್ಲೇ ನಿಂತಿದೆ. ಮೈ ತುಂಬಿಕೊಂಡಿದೆ. ತರಬೇತುದಾರರು ಎಲ್ಲರೆದುರು "ಸೊಂಟ ಕರಗಿಸು" ಅಂದರಂತೆ. ಅವತ್ತಿನಿಂದ ಅನ್ನ ಬಿಟ್ಟಿದ್ದಾಳೆ. ದಿನಾ ತೂಕ ನೋಡಿಕೊಳ್ಳುತ್ತಾಳೆ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೆಂಗಳೂರಿನ 14ರ ಹುಡುಗಿ ಹೋದಳಲ್ಲ, ಇವಳಿಗೆ ಯಾಕೆ ಆಗುತ್ತಿಲ್ಲ ಅಂತ ಮನೆಯಲ್ಲಿ ಮಾತು.
— ಒಬ್ಬ ತಾಯಿ, ಶಿರಸಿ

ಅಮ್ಮಾ, ಈ ಪತ್ರ ಓದಿ ಚಹಾ ಆರಿಹೋಯಿತು. ಮೊದಲ ಕೆಲಸ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದು. ಮೂರನೇ ತಿಂಗಳು ಆಗಲಿ ಅಂತ ಕಾಯಬೇಡಿ. ಊಟ ಬಿಟ್ಟು ಮುಟ್ಟು ನಿಂತಿದೆ ಅಂದರೆ ಮೈ ಖರ್ಚು ಉಳಿಸಲು ಒಂದೊಂದೇ ದೀಪ ಆರಿಸುತ್ತಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಎಲುಬು ಸವೆಯುತ್ತದೆ. ಎಲುಬು ಗಟ್ಟಿಯಾಗುವ ವಯಸ್ಸೇ ಇದು.

ತರಬೇತುದಾರರ ಮಾತಿನ ಬಗ್ಗೆ ನನಗೆ ಸಿಟ್ಟಿದೆ. ಹುಡುಗಿಯ ಮೈ ಬಗ್ಗೆ ಎಲ್ಲರೆದುರು ಮಾತಾಡುವವರಿಗೆ ನೀರಿನ ಬಗ್ಗೆಯೂ ಗೊತ್ತಿಲ್ಲ ಅಂತ ಹೇಳಬೇಕಾಗುತ್ತದೆ. ಕೊಬ್ಬು ನೀರಿಗಿಂತ ಹಗುರ, ಸ್ನಾಯು ನೀರಿಗಿಂತ ಭಾರ. ಗಾಳಿ ತುಂಬಿದ ಪುಪ್ಪುಸ ಇರೋದು ಎದೆಯಲ್ಲಿ, ಹಾಗಾಗಿ ಯಾರಿಗೇ ಆದರೂ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ಸೊಂಟ, ತೊಡೆಯಲ್ಲಿ ಬಂದ ತುಸು ಕೊಬ್ಬು ಕಾಲನ್ನು ಮೇಲೆ ಎತ್ತುತ್ತದೆ. ಹೆಣ್ಣುಮಕ್ಕಳು ನೀರಿನ ಮೇಲೆ ಅಡ್ಡ ಮಲಗಿದ ಹಾಗೆ ತೇಲೋದು ಅದಕ್ಕೇ. ಅದು ದೇವರು ಕೊಟ್ಟ ತೇಲುಬುಂಡೆ. ಅದನ್ನು ಕರಗಿಸಿ ಅಂತಾರಲ್ಲ ಮಾರಾಯ್ರೇ!

ಟೈಮಿಂಗ್ ಯಾಕೆ ನಿಂತಿತು? 11-12ರಲ್ಲಿ ಅವಳು ಗಂಡುಮಕ್ಕಳನ್ನು ಸೋಲಿಸಿದ್ದು ಅವರಿಗಿಂತ ಮೊದಲು ಬೆಳೆದಳು ಅಂತ. ಈಗ ಅವರು ಬೆಳೆಯುತ್ತಿದ್ದಾರೆ. ಇವಳ ಮೈಯ ಅಳತೆ ಬದಲಾಗಿದೆ. ಸೊಂಟ ಅಗಲವಾಯಿತು, ಮೈಯ ಭಾರ ಕೂರುವ ಜಾಗ ಬದಲಾಯಿತು, ಹಳೆಯ ಸ್ಟ್ರೋಕ್ ಹೊಸ ಮೈಗೆ ಹೊಂದುತ್ತಿಲ್ಲ. ಹಳೆಯ ರವಿಕೆ ಬಿಗಿಯಾದರೆ ಹೊಲಿಗೆ ಬಿಚ್ಚಿಸುತ್ತೇವೆ. ಸ್ಟ್ರೋಕ್‌ಗೂ ಅದೇ. ಒಂದು ವರ್ಷ, ಒಂದೂವರೆ ವರ್ಷ ಹಿಡಿಯಬಹುದು. ಹೊಟ್ಟೆ, ಬೆನ್ನು, ತೊಡೆಗೆ ಬಲ ಬರುವ ಕಸರತ್ತು ಈಗ ಬೇಕು. ಹೆಣ್ಣುಮಕ್ಕಳಿಗೆ ಈ ವಯಸ್ಸಿನಲ್ಲಿ ಹುಡುಗರ ಹಾಗೆ ತಾನಾಗಿ ತೋಳಿಗೆ ಬಲ ಬರಲ್ಲ, ಮಾಡಿ ಗಳಿಸಬೇಕು.

ಇನ್ನು ಒಲಿಂಪಿಕ್ಸ್ ಮಾತು. ಬೆಂಗಳೂರಿನ ಧಿನಿಧಿ ದೇಸಿಂಗು 14ಕ್ಕೇ ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು. ನಮಗೆಲ್ಲ ಹೆಮ್ಮೆ. ಅದೇ ಪ್ಯಾರಿಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಚಿನ್ನ ಎರಡೂ ಹೋಗಿದ್ದು ಸ್ವೀಡನ್ನಿನ ಸಾರಾ ಶೋಸ್ತ್ರೊಮ್‌ಗೆ. ಅವಳಿಗೆ ಆಗ 30 ವರ್ಷ. ಮನೆಯಲ್ಲಿ ಹೋಲಿಸಲೇಬೇಕು ಅಂತಿದ್ದರೆ ಇದನ್ನೂ ಹೇಳಿ.

ಊಟ: ಅನ್ನ ವಾಪಸ್ ತರಿಸಿ. ತಟ್ಟೆಗೆ ಹೆಸರುಕಾಳು, ಹುರುಳಿ, ಮೊಸರು, ಶೇಂಗಾ ಸೇರಿಸಿ. ಹಾಲು ಎರಡು ಹೊತ್ತು. ಕಬ್ಬಿಣಾಂಶಕ್ಕೆ ಸೊಪ್ಪು, ಕಾಳು, ಮೇಲೊಂದು ಹನಿ ಲಿಂಬೆ. ಊಟದ ಜೊತೆಗೇ ಚಹಾ ಕೊಡಬೇಡಿ, ಆ ಕಬ್ಬಿಣವನ್ನು ಮೈಗೆ ಹತ್ತಲು ಬಿಡಲ್ಲ ಅದು. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ. ತರಬೇತುದಾರರ ಹತ್ತಿರ ನೀವೇ ಹೋಗಿ ಮಾತಾಡಿ. ಮಾತು ಕೇಳದಿದ್ದರೆ ಕೊಳ ಬದಲಿಸಿ. ಒಂದು ವರ್ಷ ಸ್ಪರ್ಧೆ ಇಲ್ಲದಿದ್ದರೆ ಏನೂ ಮುಳುಗಲ್ಲ.

ಸರ್, ನಾನು 10ನೇ ಕ್ಲಾಸ್. 52 ಕೆಜಿ. ತೋಳು ತೆಳ್ಳಗಿದೆ. ಜಿಮ್‌ಗೆ ಸೇರಿದ್ದೇನೆ, ಬೆಂಚ್ ಪ್ರೆಸ್ ಮಾಡ್ತಿದ್ದೇನೆ. ಪ್ರೋಟೀನ್ ಪೌಡರ್ ತಗೊಳ್ಳಬೇಕು ಅಂತ ಜಿಮ್ಮಿನವರು ಹೇಳಿದರು. ಯಾವುದು ಒಳ್ಳೇದು? ಭಾರ ಎತ್ತಿದರೆ ಎತ್ತರ ನಿಲ್ಲುತ್ತಾ?
— ವಿದ್ಯಾರ್ಥಿ, ಅಂಕೋಲಾ

ಕೊನೆಯದ್ದು ಮೊದಲು. ನಿಲ್ಲಲ್ಲ. ಸರಿಯಾದ ರೀತಿಯಲ್ಲಿ, ತಿಳಿದವರು ಎದುರಿಗೆ ನಿಂತು ಮಾಡಿಸಿದರೆ ಮಕ್ಕಳು ಭಾರ ಎತ್ತಿದರೂ ಎತ್ತರಕ್ಕೆ ಏನೂ ಆಗಲ್ಲ. ಕೈಲಾಗದಷ್ಟು ಭಾರ ಎತ್ತಿ ಗೆಳೆಯರಿಗೆ ತೋರಿಸೋದು ಮಾತ್ರ ಬೇಡ.

ಬೆಂಚ್ ಪ್ರೆಸ್ ನಿನಗೆ ಯಾಕೆ ಬೇಕಪ್ಪಾ? ಅದು ಎದೆಯಿಂದ ದೂರ ತಳ್ಳುವ ಕೆಲಸ. ಈಜಿನಲ್ಲಿ ನೀನು ಮಾಡೋದು ನೀರು ಹಿಡಿದು ನಿನ್ನನ್ನೇ ಅದರ ಮೇಲಿಂದ ಎಳೆದುಕೊಳ್ಳೋದು. ಅದಕ್ಕೆ ಬೆನ್ನು ಬೇಕು. ಕಂಬಿಗೆ ಜೋತುಬಿದ್ದು ಗಲ್ಲ ಮೇಲೆ ತರುವ ಪುಲ್‌ಅಪ್ ಎಷ್ಟು ಬರುತ್ತದೆ ಹೇಳು ನೋಡೋಣ. ಎಂಟು ಬಂದರೆ ಜಿಮ್ಮಿನ ಮಾತಾಡೋಣ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಪುಲ್‌ಅಪ್, ದಂಡ, ಬಸ್ಕಿ, ಮೊಣಕೈ ಊರಿ ಹಲಗೆ ಹಾಗೆ ನಿಲ್ಲುವ ಪ್ಲ್ಯಾಂಕ್. ಸಾಕು.

ಭುಜ ಮಾತ್ರ ಕಾಪಾಡಿಕೋ. 3 ಕಿಲೋಮೀಟರ್ ಈಜಿದರೆ ಸುಮಾರು 3000 ಸಲ ಕೈ ಸುತ್ತುತ್ತದೆ, ಒಂದೊಂದು ಭುಜಕ್ಕೆ 1500. ಎದೆ ಮಾತ್ರ ಬಿಗಿಯಾಗಿ ಬೆನ್ನು ಸಡಿಲ ಇದ್ದರೆ ಭುಜ ಮುಂದಕ್ಕೆ ಜಾರುತ್ತದೆ, ಒಳಗೆ ಉಜ್ಜುತ್ತದೆ, ನೋವು ಶುರು. ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಅಂಗೈಯನ್ನು ಹೊರಕ್ಕೆ ಎಳೆ. ಒಂದು ಕೈಗೆ ಹದಿನೈದು ಸಲ, ದಿನಾ. ಬೇಜಾರಿನ ಕೆಲಸ, ಆದರೆ ಮಾಡು.

ಪೌಡರ್ ಬೇಡ. ನಿನ್ನ ತೂಕಕ್ಕೆ ದಿನಕ್ಕೆ 75-80 ಗ್ರಾಂ ಪ್ರೋಟೀನ್ ಸಾಕು. 100 ಗ್ರಾಂ ಬಂಗಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಇದೆ. ಒಂದು ಮೊಟ್ಟೆಯಲ್ಲಿ 6. ಒಂದು ಹಿಡಿ ಶೇಂಗಾದಲ್ಲಿ 7-8. ಹಾಲು, ಬೇಳೆ, ಕಾಳು ಬೇರೆ. ಅಂಕೋಲೆಯ ಪೇಟೆಯಲ್ಲಿ ಬೆಳಿಗ್ಗೆ ಹೊಳೆಯುವ ಮೀನು ಇಟ್ಟುಕೊಂಡು ಕೂತಿರುತ್ತಾರೆ, ನೀನು ಡಬ್ಬಿ ಪುಡಿ ಹುಡುಕುತ್ತೀಯಲ್ಲ! ಡಬ್ಬಿಯ ಮೇಲೆ ಬರೆಯದ ಪದಾರ್ಥ ಒಳಗೆ ಇರುವುದೂ ಉಂಟು. ಮುಂದೆ ದೊಡ್ಡ ಸ್ಪರ್ಧೆಗೆ ಹೋಗಿ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಜಿಮ್ಮಿನವರು ಬಂದು ಬಿಡಿಸಲ್ಲ.

ನಮ್ಮದು ದಡದಿಂದ ರಂಪಣಿ ಬಲೆ ಎಳೆಯುವ ಮನೆ. ಮಗ 14, ಕಲ್ಲಿನಂಥ ಮೈ. ಕಡಲಲ್ಲಿ ಅವನನ್ನು ಹಿಡಿಯುವವರಿಲ್ಲ. ಕೊಳದ ಸ್ಪರ್ಧೆಯಲ್ಲಿ ಪೇಟೆಯ ಮಕ್ಕಳು ಸೋಲಿಸಿದರು. ಯಾಕೆ?
— ಮಾಜಾಳಿಯಿಂದ

ನಿಮ್ಮ ಮಗನನ್ನು ನೋಡದೆಯೇ ಹೇಳುತ್ತೇನೆ, ಅವನು ತಲೆ ಎತ್ತಿ ಈಜುತ್ತಾನೆ. ಹೌದಲ್ವಾ? ಕಡಲಲ್ಲಿ ಎತ್ತಲೇಬೇಕು. ಅಲೆ ಎಲ್ಲಿ, ದೋಣಿ ಎಲ್ಲಿ, ದಡ ಎಲ್ಲಿ ಅಂತ ನೋಡದಿದ್ದರೆ ಜೀವ ಉಳಿಯಲ್ಲ. ನಾನೂ ಕಾಳಿಯಲ್ಲಿ ಹಾಗೇ ಕಲಿತವನು. ಆದರೆ ತಲೆ ಎದ್ದರೆ ಸೊಂಟ ಇಳಿಯುತ್ತದೆ. ಕಡಲಲ್ಲಿ ಅದು ಗೊತ್ತಾಗಲ್ಲ, ಉಪ್ಪುನೀರು ಎತ್ತಿ ಹಿಡಿಯುತ್ತದೆ. ಒಂದು ಲೀಟರ್ ಸಿಹಿನೀರು ಒಂದು ಕಿಲೋ ಆದರೆ ಸಮುದ್ರದ ನೀರು ಇನ್ನೂ 25 ಗ್ರಾಂ ಜಾಸ್ತಿ ತೂಗುತ್ತದೆ. ಕೊಳಕ್ಕೆ ಬಂದ ಕೂಡಲೇ ಆ ಆಸರೆ ಹೋಯಿತು. ಕಲ್ಲಿನಂಥ ಮೈ ಅಂತ ನೀವೇ ಬರೆದಿದ್ದೀರಿ. ಕಲ್ಲು ಮುಳುಗುತ್ತದೆ.

ಇನ್ನೊಂದು, ಕಡಲಿಗೆ ಗೋಡೆ ಇಲ್ಲ. ಪೇಟೆಯ ಮಕ್ಕಳು ಗೋಡೆ ಒದ್ದು, ಎರಡೂ ಕೈ ತಲೆಯ ಮೇಲೆ ಜೋಡಿಸಿ, ನೀರಡಿಯಲ್ಲಿ ಬಾಣದ ಹಾಗೆ ಹೋಗುತ್ತಾರೆ. ಫ್ರೀಸ್ಟೈಲ್‌ನಲ್ಲಿ ತಲೆ ಮೇಲೆ ಬರದೆ 15 ಮೀಟರ್‌ವರೆಗೆ ಹೋಗಲು ನಿಯಮ ಬಿಡುತ್ತದೆ. ಅಷ್ಟರಲ್ಲಿ ನಿಮ್ಮ ಮಗ ತಿರುಗಲು ಗೋಡೆ ಹುಡುಕುತ್ತಿರುತ್ತಾನೆ.

ರಂಪಣಿ ಎಳೆದ ಬೆನ್ನು, ಹಿಡಿತ, ಒದ್ದೆ ಮರಳಲ್ಲಿ ಊರಿದ ಕಾಲು, ಇದೆಲ್ಲ ಜಿಮ್‌ನಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ. ಬಲ ಇದೆ, ಅದನ್ನು ನೀರಿಗೆ ಹೊಂದಿಸುವವರು ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಅಲೆಯೂ ಜೋರು. ಆ ಎರಡು ತಿಂಗಳು ಕೊಳಕ್ಕೆ ಕಳಿಸಿ. ತಲೆ ಇಳಿಸೋದು ಮತ್ತು ಗೋಡೆಯಲ್ಲಿ ತಿರುಗೋದು, ಈ ಎರಡನ್ನೇ ಕಲಿಸಲಿ. ಹದಿಮೂರರ ನನಗೆ ಯಾರಾದರೂ ಇಷ್ಟು ಮಾಡಿದ್ದರೆ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುವುದುಂಟು.

ಈಜಿದರೆ ಮಕ್ಕಳು ಎತ್ತರ ಆಗ್ತಾರಾ?
— ಹೊನ್ನಾವರ

ಇಲ್ಲ. ಎತ್ತರದ ಮಕ್ಕಳು ಗೆಲ್ಲುತ್ತಾರೆ, ಗೆದ್ದವರು ಈಜಿನಲ್ಲಿ ಉಳಿಯುತ್ತಾರೆ. ನೀವು ನೋಡೋದು ಉಳಿದವರನ್ನು.

ಮೊಮ್ಮಗ ಬೆಳಿಗ್ಗೆ ಆರಕ್ಕೆ ಈಜಲು ಹೋಗುತ್ತಾನೆ. ಶಕ್ತಿ ಬರಲಿ ಅಂತ ಏನು ತಿನ್ನಿಸಿ ಕಳಿಸಲಿ?
— ಒಬ್ಬ ಅಜ್ಜಿ, ಭಟ್ಕಳ

ಅಜ್ಜೀ, ಒಂದು ಬಾಳೆಹಣ್ಣು, ಬೇಕಿದ್ದರೆ ಅರ್ಧ ಲೋಟ ಹಾಲು. ಹೋಗುವ ಅರ್ಧ ಗಂಟೆ ಮೊದಲು. ವಾಪಸ್ ಬಂದ ಕೂಡಲೇ ನಿಮ್ಮ ಕೈಯಡುಗೆ ಎಷ್ಟು ಬೇಕಾದರೂ ಬಡಿಸಿ, ಆಗ ಅವನಿಗೆ ನಿಜವಾದ ಹಸಿವು. ಮೊದಲೇ ತುಂಬಿಸಿ ಕಳಿಸಬೇಡಿ. ನನ್ನ ತಾಯಿ ಒಂದು ಸ್ಪರ್ಧೆಯ ದಿನ ಪ್ರೀತಿ ಜಾಸ್ತಿಯಾಗಿ ಗಂಜಿ, ಸುಟ್ಟ ಬಂಗಡೆ, ಮೇಲೆ ಎರಡು ಮೊಟ್ಟೆ ತಿನ್ನಿಸಿ ಕಳಿಸಿದ್ದಳು. ಅವತ್ತೂ ನಾನೇ ಮೊದಲು ಮುಟ್ಟಿದ್ದು. ಆಮೇಲೆ ಆ ಕೊಳದ ನೀರು ಬದಲಿಸಬೇಕಾಯಿತು.